ಐವತ್ತೈದನೇ ತಾರೀಖು

ಅಂಕಲಿಯ ಗೌರಾಬಾಯಿ ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ಬಂದದ್ದು ಕೈಯಲ್ಲಿ ಒಂದು ಕಬ್ಬು ಹಿಡಿದುಕೊಂಡು. ಗಳ ಆಕೆಗಿಂತ ಎತ್ತರವಿತ್ತು. ತುದಿಯಲ್ಲಿ ಬೆಳ್ಳಗಿನ ತುರಾಯಿ ಬಿಚ್ಚಿಕೊಂಡಿತ್ತು. ಒಳಗೆ ಬರುವಾಗ ಅದು ಬಾಗಿಲ ಚೌಕಟ್ಟಿಗೆ ಬಡಿದು ಹೂವಿನ ನವಿರೆಲ್ಲ ಪ್ರಿಂಟರಿನ ಮೇಲೆ ಉದುರಿತು.

"ಜಿನಮತಿ ಬಾಯಾರ, ಸ್ವಲ್ಪ ಇದನ್ನ ನೋಡ್ರಿ. ಹೋದ ಸೋಮವಾರ ಹಚ್ಚಿದ ಕಬ್ಬಿಗಿ ಈ ಶನಿವಾರದಾಗ ತುರಾಯಿ ಬರ್ತೈತೇನ್ರಿ?"

ಜಿನಮತಿ ಕನ್ನಡಕ ಏರಿಸಿಕೊಂಡು ಮೊದಲು ಕಬ್ಬನ್ನು, ಆಮೇಲೆ ಗೌರಾಬಾಯಿಯನ್ನು ನೋಡಿದಳು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಈ ಟೇಬಲ್ಲಿಗೆ ಬಹಳ ತಕರಾರು ಬಂದಿದ್ದವು. ಕಬ್ಬೇ ಸಾಕ್ಷಿಯಾಗಿ ಬಂದದ್ದು ಇದೇ ಮೊದಲು.

"ಕೂಡ್ರಿ ಗೌರಕ್ಕಾ. ಹೋದ ಸೋಮವಾರ ಅಂತ ಯಾರ ಹೇಳಿದ್ರು?"

"ನಿಮ್ಮ ಹೊಸಾ ಮಿಷನ್ನ ಹೇಳತೈತಿ. ಗಟ್ ಆಫೀಸಿನ್ಯಾಗ ಕಚ್ಚಾ ಪಟ್ಟಿ ಹಚ್ಯಾರ. ನನ್ನ ಹೆಸರ ಎಲ್ಲಾರಕಿಂತ ಕೆಳಗ ಐತಿ. ಯಾಕೋ ಅಂದ್ರ, 'ಆಯೀ, ನಿನ್ನ ಕಬ್ಬ ನವೆಂಬರ್ ನಾಲ್ಕಕ್ಕ ನಾಟಿ ಆಗೈತಿ' ಅಂತಾನ ಫೀಲ್ಡಮನ್. ನನ್ನ ಮೂರ ಎಕರೆಕ್ಕೂ ತುರಾಯಿ ಬಂದೈತ್ರಿ. ಇನ್ನ ಹದಿನೈದ ದಿನ ನಿಂತ್ರ ಒಳಗ ಬೆಂಡಾಗಿ ಹೋಗತೈತಿ. ಆಮ್ಯಾಲ ನಿಮ್ಮ ಟೋಳಿ ಕಡದ್ರೇನು, ಬಿಟ್ರೇನು?"

ಅದು ಕಾರ್ಖಾನೆಯ ಗಟ್ ಆಫೀಸುಗಳಲ್ಲಿ, ಅಂದರೆ ಕೆಲವು ಹಳ್ಳಿಗಳಿಗೊಂದರಂತೆ ಇರುವ ಶಾಖೆಗಳಲ್ಲಿ, ಹಚ್ಚುವ ಕಟಾವಿನ ಪಾಳಿ ಪಟ್ಟಿ. ಯಾರ ಹೊಲದ ಕಬ್ಬು ಮೊದಲು, ಯಾರದು ನಂತರ ಎಂಬುದನ್ನು ನಾಟಿಯ ತಾರೀಖಿನ ಮೇಲೆ ನಿರ್ಧರಿಸುವುದು ಮೊದಲಿನಿಂದ ಬಂದ ಪದ್ಧತಿ. ಹಳೆಯ ಕಬ್ಬು ಮೊದಲು ಗಾಣಕ್ಕೆ ಹೋಗಬೇಕು. ಕಚ್ಚಾ ಪಟ್ಟಿಗೆ ಇವತ್ತು ಸಂಜೆ ನಾಲ್ಕಕ್ಕೆ ಕಬ್ಬಿನ ಅಧಿಕಾರಿಯ ಸಹಿ ಬಿದ್ದು ಅದು ಪಕ್ಕಾ ಆಗುವುದಿತ್ತು. ಸೋಮವಾರ ಬೆಳಿಗ್ಗೆ ಮಹಾರಾಷ್ಟ್ರದ ಬೀಡ ಕಡೆಯಿಂದ ಬಂದ ಕಟಾವಿನ ಕೂಲಿಗಳ ಟೋಳಿಗಳು ಆ ಪಟ್ಟಿ ಹಿಡಿದು ಚಿಕ್ಕೋಡಿ, ರಾಯಬಾಗ, ಕಾಗವಾಡದ ಹೊಲಗಳಿಗೆ ಇಳಿಯುವವು. ಒಮ್ಮೆ ಇಳಿದರೆ ಪಾಳಿ ಬದಲಾಗುವುದಿಲ್ಲ.

ಜಿನಮತಿ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದೂ ಹತ್ತು.

ಪಕ್ಕದ ಟೇಬಲ್ಲಿನಲ್ಲಿ ಅರ್ಮಾನ ಕೂತಿದ್ದ. ನಿಪ್ಪಾಣಿಯವನು, ಇಪ್ಪತ್ತೇಳರ ಇಂಜಿನಿಯರು. ಕಾರ್ಖಾನೆಗೆ ಹೊಸ ತಂತ್ರಾಂಶ ಕೊಟ್ಟ ಕಂಪನಿ ಹಳೆಯ ದಾಖಲೆಗಳನ್ನು ಹೊಸದಕ್ಕೆ ಸಾಗಿಸಲು ಅವನನ್ನು ಎರಡು ತಿಂಗಳ ಮಟ್ಟಿಗೆ ಇಲ್ಲಿ ಕೂರಿಸಿತ್ತು. ಜಿನಮತಿ ಹಳೆಯ ಕಡತದಲ್ಲಿ ಗೌರಾಬಾಯಿಯ ಸಾಲು ತೆರೆದು ಅವನನ್ನು ಕರೆದಳು.

"ಅರ್ಮಾನ, ನಾಟಿ ತಾರೀಖ ಓದು."

"ಎರಡು, ಮೂರು, ಸೊನ್ನೆ, ಐದು, ಐದು, ಐದು." ಅವನು ಬಾಗಿ ಮತ್ತೊಮ್ಮೆ ನೋಡಿದ. "ಇಪ್ಪತ್ಮೂರನೇ ಇಸವಿ, ಐದನೇ ತಿಂಗಳು, ಐವತ್ತೈದನೇ ತಾರೀಖು. ಮೇಡಮ್, ಇಂಥಾವು ಮುನ್ನೂರರ ಮ್ಯಾಲ ಬಂದಾವ್ರಿ. ಐವತ್ತೈದನೇ ತಾರೀಖ ಯಾವ ತಿಂಗಳದಾಗ ಬರ್ತೈತ್ರಿ? ಡೇಟಾ ಎಂಟ್ರಿ ತಪ್ಪಂತ ತಿಳದು, ಓದಾಕ ಬರಲಾರದ್ದಕ್ಕೆಲ್ಲಾ ಸಾಗಿಸಿದ ದಿನದ ತಾರೀಖ ಹಾಕು ಅಂತ ಬರದಿದ್ದೆ."

"ಅಂದ್ರ ಹೋದ ಸೋಮವಾರದ್ದು."

"ಹೌದ್ರಿ."

"ತಪ್ಪಲ್ಲ ಅದು," ಎಂದಳು ಜಿನಮತಿ. "ತಿಥಿ."

ಅರ್ಮಾನ ಅರ್ಥವಾಗದೆ ನಿಂತ. ಗೌರಾಬಾಯಿಗೆ ಮಾತ್ರ ಇದರಲ್ಲಿ ಅರ್ಥವಾಗದಿರಲು ಏನಿದೆ ಎಂದು ತಿಳಿಯಲಿಲ್ಲ. "ತಿಥಿ ಅಲ್ಲದ ಮತ್ತೇನ? ಹೋದ ವರ್ಷ ಶ್ರಾವಣ ಶುದ್ಧ ಪಂಚಮಿಗಿ ಹಚ್ಚೇನಿ ಅಂತ ಬರಿಸೇನಿ. ನನಗ ನಿಮ್ಮ ಜುಲೈ, ಆಗಸ್ಟ ಯಾವದೂ ನೆನಪ ಉಳಿಯೂದಿಲ್ಲಪಾ ತಮ್ಮಾ."

ಹಳೆಯ ಕಾರ್ಯಕ್ರಮ ಕೋಬಾಲ್ ಭಾಷೆಯದು. ಅದನ್ನು ಎಂಬತ್ತೆಂಟನೇ ಇಸವಿಯಲ್ಲಿ ಬರೆದವರು ವಿರುಪಾಕ್ಷಪ್ಪ ಎಂಬ ಅಥಣಿಯ ಕಡೆಯ ಮನುಷ್ಯ. ಜಿನಮತಿ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಇಲ್ಲಿ ಸೇರಿದಾಗ ಅವರೇ ಹೇಳಿಕೊಟ್ಟಿದ್ದರು. ಆಗ ತಾರೀಖಿಗೆ ಆರೇ ಅಂಕೆಯ ಜಾಗ. ವರ್ಷಕ್ಕೆರಡು, ತಿಂಗಳಿಗೆರಡು, ದಿನಕ್ಕೆರಡು. ಎರಡು ಸಾವಿರದ ಇಸವಿ ಬಂದಾಗ ಜಗತ್ತೆಲ್ಲ ವರ್ಷದ ಅಂಕೆಗಳ ಬಗ್ಗೆ ತಲೆ ಕೆಡಿಸಿಕೊಂಡಿತು. ಅವರಿಬ್ಬರು ಐವತ್ತಕ್ಕಿಂತ ಕಡಿಮೆ ಇದ್ದರೆ ಈ ಶತಮಾನ, ಹೆಚ್ಚಿದ್ದರೆ ಹಿಂದಿನದು ಎಂಬ ಒಂದು ಸಾಲು ಸೇರಿಸಿ ಮಧ್ಯಾಹ್ನದ ಊಟಕ್ಕೆ ಎದ್ದಿದ್ದರು. ವಿರುಪಾಕ್ಷಪ್ಪನವರ ನಿಜವಾದ ಜಾಣತನ ಇದ್ದದ್ದು ದಿನದ ಅಂಕೆಗಳಲ್ಲಿ. ರೈತರು ನಾಟಿಯನ್ನು ತಿಥಿಯಿಂದ ಹೇಳುವರು. ಫೀಲ್ಡ್‌ಮನ್ನುಗಳು ಹೊಲದ ಬದುವಿನಲ್ಲಿ ನಿಂತು ಅದನ್ನು ತಾರೀಖಿಗೆ ತಿರುವುವರು. ಹತ್ತರಲ್ಲಿ ನಾಲ್ಕು ತಪ್ಪುವರು. ರೈತ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಿರಿ, ತಿರುವುವ ಕೆಲಸ ಯಂತ್ರಕ್ಕೆ ಬಿಡಿ ಎಂದು ವಿರುಪಾಕ್ಷಪ್ಪ ಒಂದು ದಾರಿ ಮಾಡಿದರು. ಎರಡು ಅಂಕೆಯಲ್ಲಿ ತೊಂಬತ್ತೊಂಬತ್ತರ ತನಕ ಬರೆಯಬಹುದು, ತಿಂಗಳಿಗೆ ಬೇಕಾಗುವುದು ಮೂವತ್ತೊಂದೇ, ಉಳಿದದ್ದು ಖಾಲಿ. ಆ ಖಾಲಿ ಜಾಗದಲ್ಲಿ ಐವತ್ತೊಂದು ಎಂದರೆ ಪಾಡ್ಯ, ಅರವತ್ತೈದು ಎಂದರೆ ಹುಣ್ಣಿಮೆ, ಎಂಬತ್ತು ಎಂದರೆ ಅಮಾವಾಸ್ಯೆ. ದಿನ ಐವತ್ತರ ಮೇಲಿದ್ದರೆ ತಿಂಗಳೂ ಪಂಚಾಂಗದ್ದು. ಒಂದು ಚೈತ್ರ, ಐದು ಶ್ರಾವಣ.

"ಹಂಗಾದ್ರ ಯಾವ ಮಾಸ ಯಾವ ತಾರೀಖಿಗಿ ಸುರುವಾಗತೈತಿ ಅಂತ ಯಂತ್ರಕ್ಕ ಹೆಂಗ ಗೊತ್ತಾಗತೈತ್ರಿ?" ಅರ್ಮಾನ ಕೇಳಿದ. ಪ್ರಶ್ನೆ ಸರಿಯಾಗಿತ್ತು, ಜಿನಮತಿಗೆ ಖುಷಿಯಾಯಿತು.

"ನಾನು ಹೇಳತೀನಿ. ಪ್ರತಿ ಯುಗಾದಿಗೆ ಪಂಚಾಂಗ ತಂದು, ಕಾರ್ಯಕ್ರಮದೊಳಗಿನ ಕೋಷ್ಟಕಕ್ಕ ಹನ್ನೆರಡು ತಾರೀಖು ತುಂಬತೀನಿ. ಇಪ್ಪತ್ತೆಂಟು ವರ್ಷ ಆತು. ಅದನ್ನ ನಿನಗ ಮೊದಲನೇ ದಿನಾನ ಹೇಳಬೇಕಾಗಿತ್ತು. ಉಸಿರಾಡೂದನ್ನ ಯಾರಿಗಾದ್ರೂ ಹೇಳತೀವೇನ? ಹಂಗ ಬಿಟ್ಟು ಹೋತು."

ಅಷ್ಟರಲ್ಲಿ ಕಬ್ಬಿನ ಅಧಿಕಾರಿ ಕಾಕಾಸಾಹೇಬ ಒಳಗೆ ಬಂದ. ದಪ್ಪ ಮೀಸೆಯ, ದೊಡ್ಡ ದನಿಯ ಮನುಷ್ಯ. ಹಂಗಾಮು ಹತ್ತಿರ ಬಂದಂತೆ ಅವನ ಕನ್ನಡದಲ್ಲಿ ಮರಾಠಿ ಹೆಚ್ಚಾಗುತ್ತಿತ್ತು.

"ಕಾಯ್ ಝಾಲಂ ಬಾಯಾರ? ಆಫೀಸಿನ್ಯಾಗ ಕಬ್ಬ ಬೆಳದೈತಿ?"

ಜಿನಮತಿ ನಾಲ್ಕು ಮಾತಿನಲ್ಲಿ ಹೇಳಿದಳು. ಕಾಕಾಸಾಹೇಬ ತುರಾಯಿಯನ್ನು ಬೆರಳಿನಿಂದ ಉಜ್ಜಿ ನೋಡಿದ. ಅವನೂ ರೈತರ ಮಗ. ನೋಡಿದ ಕೂಡಲೇ ತಿಳಿಯಿತು.

"ಬರಂ. ಆಯೀದು ಖರೇ ಐತಿ. ಒಂದ ಕೆಲಸ ಮಾಡ್ರಿ. ಈಕಿದೊಂದು ತಾರೀಖ ಕೈಲೇ ತಿದ್ರಿ. ಸೋಮವಾರ ಮೊದಲನೇ ಟೋಳಿ ಇವರ ಹೊಲಕ್ಕ. ಚೀಟಿ ಈಗ ಬರದ ಕೊಡತೀನಿ. ಮುಗೀತು."

"ಮುಗಿಯೂದಿಲ್ರಿ ಸಾಹೇಬ್ರ. ಇಂಥಾವು ಮುನ್ನೂರಾ ಹದಿನೇಳ ಅದಾವು."

"ಅವರ್ಯಾರೂ ಬಂದಿಲ್ಲಲಾ!"

"ಬಸ್ಸ ಸಿಕ್ಕಿಲ್ಲ, ಅದಕ್ಕ ಬಂದಿಲ್ಲ. ಕಬ್ಬಿಗೆ ತುರಾಯಿ ಬರೂದ ಬಿಟ್ಟೈತೇನ್ರಿ?"

ಕಾಕಾಸಾಹೇಬ ನಕ್ಕ, ಆದರೆ ಕೈಗಡಿಯಾರವನ್ನು ಬೆರಳಿನಿಂದ ಬಡಿದು ತೋರಿಸಿದ. "ನಾಲ್ಕಕ್ಕ ನಾನ ಸಹಿ ಮಾಡಬೇಕು. ಐದಕ್ಕ ಟೋಳಿ ಮುಕಾದಮರು ಪಟ್ಟಿ ಒಯ್ಯಾಕ ಬರ್ತಾರ. ಹೊಸಾ ಪ್ರೋಗ್ರಾಮ್ ಇದು, ಬಾಯಾರ. ಮುನ್ನೂರ ತಿದ್ದಾಕ ಹೋಗಿ ಮೂರ ಸಾವಿರ ಕೆಡಸಿದ್ರ?"

"ಕೆಡೂದಿಲ್ಲ. ನಾಲ್ಕರೊಳಗ ಕೊಡತೀನಿ."

ಅವಳ ದನಿಯಲ್ಲಿ ಜಂಬವಿರಲಿಲ್ಲ. ಲೆಕ್ಕ ಎಷ್ಟಿದೆ, ತನ್ನ ಕೈ ಎಷ್ಟು ಓಡುತ್ತದೆ ಎಂಬ ಎರಡೂ ಗೊತ್ತಿದ್ದವರ ದನಿ ಅದು. ಕಾಕಾಸಾಹೇಬ ಗೌರಾಬಾಯಿಯ ಕಡೆ ತಿರುಗಿದ. "ಏನಂತೀ ಆಯೀ? ಚೀಟಿ ಬೇಕೋ, ಪಟ್ಟಿ ಬೇಕೋ?"

ಸೋಮವಾರವೇ ಕಟಾವು ಎಂಬುದು ಸಣ್ಣ ಮಾತಲ್ಲ. ಗೌರಾಬಾಯಿ ಕಬ್ಬನ್ನು ಗೋಡೆಗೆ ಆನಿಸಿ ಕುರ್ಚಿಯಲ್ಲಿ ಸರಿಯಾಗಿ ಕುಳಿತಳು. "ನಮ್ಮ ಓಣ್ಯಾಗ ನನ್ನ ವಾರದಾಗ ಹಚ್ಚಿದವರು ಆರೇಳ ಮಂದಿ ಅದಾರ. ನನ್ನ ಹೊಲಕ್ಕಷ್ಟ ಟೋಳಿ ಬಂದ್ರ ಸಾಹೇಬಗ ಏನ ಕೊಟ್ಟಿ ಗೌರಾ ಅಂತ ಕೇಳತಾರ. ನಾಲ್ಕರ ತನಕ ಕೂಡತೀನಿ. ಆಗಲಿಲ್ಲಂದ್ರ ಚೀಟಿ ಕೊಡ್ರಿ. ಅಂದೋರು ಅನ್ನಲಿ."

"ಶಾಣ್ಯಾ ಇದ್ದಿ," ಎಂದು ಕಾಕಾಸಾಹೇಬ ಹೊರಟ.

ಜಿನಮತಿ ಹಳೆಯ ಕಾರ್ಯಕ್ರಮದ ಮುದ್ರಿತ ಪ್ರತಿ ತೆಗೆದಳು. ಅಂಚಿನಲ್ಲಿ ತೂತಿರುವ ಮಡಿಕೆ ಕಾಗದ, ನೂರಾಎಂಟು ಪುಟ. ಕೋಷ್ಟಕದ ಪುಟ ತೆರೆದು ಓದುತ್ತ ಹೋದಳು, ಅರ್ಮಾನ ಹೊಸ ಭಾಷೆಗೆ ಬರೆಯುತ್ತ ಹೋದ. ದಿನ ಐವತ್ತಕ್ಕಿಂತ ಹೆಚ್ಚಿದ್ದರೆ ಐವತ್ತು ಕಳೆ. ಆ ವರ್ಷದ ಆ ಮಾಸ ಆರಂಭವಾದ ತಾರೀಖು ತೆಗೆದುಕೋ. ಉಳಿದ ದಿನಗಳಲ್ಲಿ ಒಂದು ಕಡಿಮೆ ಮಾಡಿ ಕೂಡಿಸು. ಅರ್ಮಾನನ ಬೆರಳುಗಳು ಚುರುಕು. ಎಲ್ಲಿ ಸಂಶಯ ಬಂತೋ ಅಲ್ಲಿ ನಿಂತು ಕೇಳುತ್ತಿದ್ದ. ಅದನ್ನು ಜಿನಮತಿ ಮನಸ್ಸಿನಲ್ಲೇ ಅವನ ಲೆಕ್ಕಕ್ಕೆ ಜಮಾ ಮಾಡಿದಳು.

"ತಿಥಿ ಒಂದೊಂದ ಸಲ ಎರಡ ದಿನಾ ಬರ್ತೈತಿ, ಒಂದೊಂದ ಸಲ ಹಾರಿ ಹೋಗತೈತಿ ಅಂತಾರಲ್ರಿ?"

"ಹೌದು. ನಮ್ಮ ಲೆಕ್ಕದಾಗ ಒಂದು ದಿನ ಹೆಚ್ಚು ಕಡಿಮೆ ಆಗತೈತಿ. ವಿರುಪಾಕ್ಷಪ್ಪನವರು ಅದನ್ನ ಮೇಲಿನ ಸಾಲಿನ್ಯಾಗ ಬರದ ಇಟ್ಟಾರ, ನೋಡು. ಒಂದು ದಿನದ ಫರಕ ಕಬ್ಬಿಗಿ ತಿಳಿಯೂದಿಲ್ಲ. ಎಷ್ಟು ತಪ್ಪು ಐತಿ ಅಂತ ಗೊತ್ತಿದ್ರ ಆ ತಪ್ಪಿನ ಜೋಡಿ ಬಾಳ್ವೆ ಮಾಡಬಹುದು."

ಒಂದೂವರೆಗೆ ಓಡಿಸಿದರು. ಮುನ್ನೂರ ಹದಿನೇಳರಲ್ಲಿ ಒಂದೂ ಹೋದ ಸೋಮವಾರದ ತಾರೀಖಿನಲ್ಲಿ ಉಳಿಯಲಿಲ್ಲ. ಜಿನಮತಿ ಗೌರಾಬಾಯಿಯ ಸಾಲನ್ನು ಗಟ್ಟಿಯಾಗಿ ಓದಿದಳು. "ಆಗಸ್ಟ ಇಪ್ಪತ್ತೊಂದು, ಎರಡು ಸಾವಿರದ ಇಪ್ಪತ್ಮೂರು. ನಿಮ್ಮ ಪಾಳಿ ಡಿಸೆಂಬರ್ ಮಧ್ಯಕ್ಕ ಬರ್ತೈತಿ, ಗೌರಕ್ಕಾ."

"ಡಿಸೆಂಬರ್ ಮಧ್ಯ!" ಗೌರಾಬಾಯಿ ಎದ್ದೇ ನಿಂತಳು. "ಅಷ್ಟೊತ್ತಿಗಿ ಒಲಿಗಿ ಹಾಕಬೇಕು. ಆಗಸ್ಟ ಇಪ್ಪತ್ತೊಂದ ಅಂದ್ರ ಅವತ್ತೇನಿತ್ತು?"

"ಶ್ರಾವಣ ಶುದ್ಧ ಪಂಚಮಿ. ನೀವ ಹೇಳಿದ್ದು." ಜಿನಮತಿ ಪಂಚಾಂಗದ ಪುಟದ ಮೇಲೆ ಬೆರಳಿಟ್ಟಳು. "ನಾಗರ ಪಂಚಮಿ."

"ನಾಗರ ಪಂಚಮಿ ದಿನಾ ಭೂಮಿ ಕೆದರಿ ಕಬ್ಬ ಹಚ್ಚಾಕ ನನಗೇನ ಹುಚ್ಚ ಹಿಡದಿತ್ತೇನ್ರಿ ಬಾಯಾರ? ಅವತ್ತ ನಾನ ಚಾಕುದಿಂದ ಬದ್ನಿಕಾಯಿ ಸುದ್ದಾ ಹೆಚ್ಚೂದಿಲ್ಲ! ನೆಲಾ ಅಗೀತೀನೇನ?"

ಜಿನಮತಿಯ ಬೆರಳು ಅಲ್ಲೇ ನಿಂತಿತು. ಮಾತು ನೂರಕ್ಕೆ ನೂರು ಸರಿ. ಆ ದಿನ ಈ ಸೀಮೆಯಲ್ಲಿ ಯಾರೂ ನೆಲಕ್ಕೆ ಕಬ್ಬಿಣ ತಾಗಿಸುವುದಿಲ್ಲ. ಹಿಂದೂ ಮನೆ, ಜೈನರ ಮನೆ ಯಾವುದೂ ಹೊರತಲ್ಲ. ಅವಳ ಬೇಡಕಿಹಾಳದ ತವರಿನಲ್ಲೂ ಅಷ್ಟೇ. ಆದರೆ ಗೌರಾಬಾಯಿ ಹೇಳಿದ ತಿಥಿಯೂ ಸರಿ. ಎರಡೂ ಸರಿಯಾಗಬೇಕಾದರೆ ಆ ವರ್ಷ ಶ್ರಾವಣ ಶುದ್ಧ ಪಂಚಮಿ ಎರಡು ಬಂದಿರಬೇಕು.

ಬಂದಿತ್ತು. ಪಂಚಾಂಗದ ಒಂದು ಪುಟ ಹಿಂದೆ ತಿರುವಿದಳು. ಅಧಿಕ ಶ್ರಾವಣ, ಜುಲೈ ಹದಿನೆಂಟರಿಂದ.

"ಗೌರಕ್ಕಾ, ನೀವು ಹಚ್ಚಿದ್ದು ಧೊಂಡ್ಯಾ ತಿಂಗಳದಾಗೇನ?"

"ಹೌದಲ್ರಿ ಮತ್ತ! ಅಳಿಯಾನ ಕರಸಿ ಧೋಂಡೆ ಊಟಾ ಹಾಕಿದ ಮರದಿನ. ಐತಾರ ಇತ್ತು."

ಜಿನಮತಿ ತನಗೆ ತಾನೇ ತಲೆ ಅಲ್ಲಾಡಿಸಿದಳು. ಚಂದ್ರನ ಹನ್ನೆರಡು ತಿಂಗಳು ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಸಣ್ಣವು; ಸುಮಾರು ಮೂರು ವರ್ಷಕ್ಕೊಮ್ಮೆ ಒಂದು ಹೆಚ್ಚಿನ ತಿಂಗಳು ಸೇರಿಸಿ ಸರಿಮಾಡುತ್ತಾರೆ. ಗಡಿಯ ಮಂದಿ ಅದನ್ನೇ ಧೊಂಡ್ಯಾ ತಿಂಗಳು ಎಂದು ಕರೆದು ಅಳಿಯನನ್ನು ಮನೆಗೆ ಕರೆಯುತ್ತಾರೆ. ಅಂಥ ವರ್ಷಗಳಲ್ಲಿ ಅವಳು ಎಲ್ಲ ಗಟ್‌ಗಳಿಗೂ ಸೂಚನೆ ಕಳಿಸುತ್ತಿದ್ದಳು: ಅಧಿಕ ಮಾಸವಾದರೆ ತಿಂಗಳ ಜಾಗದಲ್ಲಿ ಹದಿಮೂರು ಬರೆಯಿರಿ. ಆ ವರ್ಷವೂ ಕಳಿಸಿದ್ದಳು. ಆದರೆ ಅಂಕಲಿಯ ಫೀಲ್ಡ್‌ಮನ್ ಮಾಳಸಿದ್ದ ಆಗಿನ್ನೂ ಹೊಸಬ. ಶ್ರಾವಣ ಎಂದರೆ ಶ್ರಾವಣ ಎಂದುಕೊಂಡು ಐದು ಬರೆದಿದ್ದ. ಸೂಚನೆ ಕಳಿಸಿದವಳು ಅದರಂತೆ ಆಯಿತೇ ಎಂದು ನೋಡಿರಲಿಲ್ಲ.

"ಇದು ನನ್ನ ತಪ್ಪು," ಎಂದಳು, ಹವಾಮಾನ ಹೇಳುವಷ್ಟೇ ಸಹಜವಾಗಿ. "ಮಾಳಸಿದ್ದ ಒಬ್ಬನ ಹಿಂಗ ಬರದಾನೋ, ಇನ್ನೂ ಯಾರಾದ್ರೂ ಬರದಾರೋ ನೋಡಬೇಕು. ಶ್ರಾವಣ ಅಂತ ಬರದದ್ದು ಎಷ್ಟ ಅದಾವು ತಗಿ, ಅರ್ಮಾನ."

"ಅರವತ್ನಾಲ್ಕು. ಆದ್ರ ಯಾವದು ಮೊದಲಿನ ಶ್ರಾವಣ, ಯಾವದು ಎರಡನೇದು ಅಂತ ಹೆಂಗ ಗೊತ್ತ ಮಾಡೂದ್ರಿ? ಅಂಕೆ ಎಲ್ಲಾ ಒಂದ ಥರಾ ಅದಾವು."

ಎರಡು ಗಂಟೆಯಾಗಿತ್ತು. ಜಿನಮತಿ ಡಬ್ಬಿ ತೆಗೆದು ರೊಟ್ಟಿ, ಶೇಂಗಾ ಹಿಂಡಿ ಮೂವರಿಗೂ ಹಂಚಿದಳು. ಒಂದೇ ರೀತಿ ಕಾಣುವ ಎರಡು ವಸ್ತುಗಳನ್ನು ಬೇರೆ ಮಾಡಬೇಕಾದರೆ ಅವುಗಳ ಪಕ್ಕದಲ್ಲಿ ಏನಿದೆ ನೋಡು ಎಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿತಿದ್ದಳು. ರೊಟ್ಟಿ ಮುರಿಯುತ್ತ ಗೌರಾಬಾಯಿಯ ಸಾಲನ್ನೇ ಎಡದಿಂದ ಬಲಕ್ಕೆ ಓದಿದಳು. ಹೆಸರು, ಊರು, ಸರ್ವೆ ನಂಬರು, ತಳಿ, ನಾಟಿ. ಮುಂದೆ ಇನ್ನೊಂದು ತಾರೀಖು ಇತ್ತು.

ಅವಳಿಗಿಂತ ಅರೆಕ್ಷಣ ಮೊದಲು ಅರ್ಮಾನನೇ ಅಂದ. "ಮೇಡಮ್, ನೋಂದಣಿ ತಾರೀಖ ನೋಡ್ರಿ. ಜುಲೈ ಇಪ್ಪತ್ತೆಂಟು. ಇದು ಸಾದಾ ತಾರೀಖು. ಹಚ್ಚಿದ್ದು ಆಗಸ್ಟ ಇಪ್ಪತ್ತೊಂದ ಆಗಿದ್ರ ಜುಲೈದಾಗ ಹೆಂಗ ನೋಂದಣಿ ಮಾಡ್ಯಾರ?"

"ಶಾಬ್ಬಾಸ್! ಹಚ್ಚಲಾರದ ಕಬ್ಬ ಯಾರೂ ಬರಸೂದಿಲ್ಲ. ನಾಟಿ ಯಾವತ್ತೂ ನೋಂದಣಿಗಿಂತ ಮೊದಲು. ಲೆಕ್ಕ ಮಾಡಿದ ತಾರೀಖು ನೋಂದಣಿ ದಾಟಿ ಹೋದ್ರ ಅದು ಅಧಿಕ ಶ್ರಾವಣದ್ದು. ಒಂದ ತಿಂಗಳ ಹಿಂದ ತಗೋ."

ಆ ನಿಯಮ ಹಾಕಿ ಓಡಿಸಿದಾಗ ನಲವತ್ತಾರು ಸಾಲು ಹಿಂದೆ ಸರಿದವು. ಉಳಿದ ಹದಿನೆಂಟರಲ್ಲಿ ನೋಂದಣಿ ಸೆಪ್ಟೆಂಬರಿನದು. ಅಧಿಕ ಎಂದು ಹಿಡಿದರೂ, ಅದರ ಮುಂದಿನ ನಿಜ ಶ್ರಾವಣ ಎಂದು ಹಿಡಿದರೂ ನೋಂದಣಿ ಆಮೇಲೆಯೇ ಆಗಿತ್ತು. ನಾಟಿ ಎರಡರಲ್ಲಿ ಯಾವ ಶ್ರಾವಣದ್ದೂ ಆಗಬಹುದಿತ್ತು. ಅಂಕೆಗಳು ಹೇಳಬಲ್ಲದ್ದು ಅಲ್ಲಿಗೆ ಮುಗಿಯಿತು.

"ಇವಕ್ಕ ನಮ್ಮ ಅಂದಾಜ ಬ್ಯಾಡ," ಎಂದು ಜಿನಮತಿ ಫೋನು ಎತ್ತಿದಳು. "ನೀ ಒಂಬತ್ತ ಮಾಡು, ನಾ ಒಂಬತ್ತ ಮಾಡತೀನಿ."

"ಏನಂತ ಕೇಳೂದ್ರಿ? ಅಧಿಕ ಮಾಸೋ ನಿಜ ಮಾಸೋ ಅಂದ್ರ ತಿಳೀತೈತೇನ್ರಿ?"

ಉತ್ತರ ಗೌರಾಬಾಯಿಯಿಂದ ಬಂತು. "ಅಳಿಯಾಗ ಊಟಾ ಹಾಕಿದ ತಿಂಗಳೋ, ಪಂಚಮಿ ಉಂಡಿ ಮಾಡಿದ ತಿಂಗಳೋ ಅಂತ ಕೇಳ ತಮ್ಮಾ. ಸತ್ತರೂ ಮರ್ಯೂದಿಲ್ಲ."

ಅರ್ಮಾನ ಅದನ್ನೇ ಕೇಳಿದ. ಕನ್ನಡದಲ್ಲಿ ಕೆಲವರಿಗೆ, ಮರಾಠಿಯಲ್ಲಿ ಕೆಲವರಿಗೆ. ಶಿರಗುಪ್ಪಿಯ ಜಮಾಲಸಾಬನ ಮನೆಗೆ ಫೋನು ಹಚ್ಚಿದಾಗ ಅವನ ಮಾತು ಉರ್ದುವಿಗೆ ತಿರುಗಿತು, ಪ್ರಶ್ನೆಯೂ ಬದಲಾಯಿತು: ಮೊಹರಮ್ಮಿನ ಮುಂಚೆಯೋ, ಎಷ್ಟು ದಿನದ ಮೇಲೋ? ಆ ವರ್ಷದ ಮೊಹರಮ್ ಜುಲೈ ಕೊನೆಗೆ ಮುಗಿದದ್ದು ಅವನಿಗೆ ಗೊತ್ತಿತ್ತು. "ಹದಿನೈದ ದಿನದ ಮ್ಯಾಲ ಅಂತಾರ್ರಿ. ಅಧಿಕ ಮುಗಿದದ್ದು ಆಗಸ್ಟ ಹದಿನಾರಕ್ಕ. ಅಂದ್ರ ಅಧಿಕದ್ದ," ಎಂದು ಬರೆದುಕೊಂಡ. ಒಂದು ಮನೆಯಲ್ಲಿ ಮಾತ್ರ ಗಂಡ ಒಂದು, ಹೆಂಡತಿ ಒಂದು ಹೇಳಿ ಫೋನಿನಲ್ಲೇ ಜಗಳ ಹತ್ತಿತು. ಜಿನಮತಿ ಸುಮ್ಮನೆ ಕಾದಳು. ಎರಡು ನಿಮಿಷದ ಮೇಲೆ ಗಂಡ ತಗ್ಗಿದ ದನಿಯಲ್ಲಿ ಹೆಂಡತಿಯ ಉತ್ತರವನ್ನೇ ಹೇಳಿದ.

ಮೂರೂ ನಲವತ್ತಕ್ಕೆ ಹೊಸ ಪಟ್ಟಿ ಮುದ್ರಣವಾಯಿತು. ಉಳಿದ ಸಾವಿರಾರು ಸಾಲುಗಳ ತಾರೀಖುಗಳನ್ನು ಹಳೆಯದರ ಜೊತೆ ಒಂದೊಂದಾಗಿ ತಾಳೆ ನೋಡುವ ಕೆಲಸವನ್ನು ಜಿನಮತಿ ಯಂತ್ರಕ್ಕೇ ಕೊಟ್ಟಿದ್ದಳು. ಒಂದರಲ್ಲೂ ವ್ಯತ್ಯಾಸವಿಲ್ಲ ಎಂದು ಅದು ತೋರಿಸಿತು. ಆದರೂ ಅವಳು ಅಂಕಲಿ ಗಟ್‌ನ ಮೊದಲ ಹಾಳೆಯನ್ನು ಗೌರಾಬಾಯಿಯ ಮುಂದಿಟ್ಟಳು.

"ನೀವ ನೋಡ್ರಿ. ನಿಮ್ಮದು ಜುಲೈ ಇಪ್ಪತ್ತೆರಡು ಅಂತ ಬಂದೈತಿ. ಖರೇ ಅಂದ್ರ ಇಪ್ಪತ್ಮೂರು, ಐತಾರ. ಆ ಒಂದು ದಿನದ್ದು ನಾವು ಮೊದಲ ಹೇಳಿದ ತಪ್ಪು. ನೀವು ಹದಿನಾಲ್ಕನೇದವರು."

ಗೌರಾಬಾಯಿ ಸೋಮವಾರದ ಚೀಟಿಯ ಮಾತೆತ್ತಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲನೆಯ ಹೆಸರಿನಿಂದ ಓದತೊಡಗಿದಳು. ಒಂದೊಂದು ಹೆಸರಿಗೂ ನಿಂತು, ಆ ದಿನ ಮಳೆ ಇತ್ತೋ ಇಲ್ಲವೋ, ಆಳು ಯಾರು ಬಂದಿದ್ದರು ಎಂದು ತನ್ನಲ್ಲೇ ಗೊಣಗಿ ಮುಂದೆ ಹೋದಳು. ಒಂಬತ್ತನೆಯದಕ್ಕೆ ತಡೆದಳು.

"ವಿಠೋಬಾ ನನಗಿಂತ ಮುಂದ ಯಾಕ್ರಿ?"

ಜಿನಮತಿ ಸಾಲು ತೆಗೆದಳು. "ಆಷಾಢ ಅಮಾಸಿ ಅಂತ ಬರಿಸ್ಯಾರ."

"ಹಾಂ, ಹೌದ. ಅಮಾಸಿ ದಿನಾ ಎತ್ತ ಹೂಡಬ್ಯಾಡೋ ಅಂದ್ರ, ನಾ ಎತ್ತ ಎಲ್ಲಿ ಹೂಡೇನಿ, ಟ್ರ್ಯಾಕ್ಟರ್ ಹೂಡೇನಿ ಅಂದಾಂವ ಅಂವಾ." ಆಕೆ ಬೆರಳನ್ನು ಕೆಳಗಿಳಿಸಿದಳು. ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು. "ದುಂಡೇಶ ನನ್ನ ಹಿಂದಿನ ದಿನಾ. ಬರೋಬ್ಬರ ಐತಿ. ಮುಂದ ನಾ. ನನ್ನ ಬೆನ್ನಿಗಿ ನಮ್ಮ ಓಣಿಯವರ. ಎಲ್ಲಾ ಬರೋಬ್ಬರ ಐತ್ರಿ ಬಾಯಾರ."

ಅರ್ಮಾನ ಉಸಿರು ಬಿಟ್ಟ. ಎರಡು ತಿಂಗಳು ಅವನು ಬಗೆಬಗೆಯ ಪರೀಕ್ಷೆ ಬರೆದು ಓಡಿಸಿದ್ದ. ಹದಿನಾಲ್ಕು ಸಾಲನ್ನು ನೆನಪಿನಿಂದಲೇ ಪರೀಕ್ಷೆ ಮಾಡಿದವರನ್ನು ಕಂಡಿರಲಿಲ್ಲ.

ಕಾಕಾಸಾಹೇಬ ನಾಲ್ಕಕ್ಕೆ ಬಂದ. ಪಟ್ಟಿಯನ್ನು ತಿರುವಿ, ಜಿನಮತಿಯ ಮುಖ ನೋಡಿ, ಏನೂ ಕೇಳದೆ ಪುಟ ಪುಟಕ್ಕೂ ಸಹಿ ಹಾಕಿದ. "ಹದಿನಾಲ್ಕನೇ ನಂಬರ್ ಅಂದ್ರ ಗುರುವಾರ ಟೋಳಿ ಬರ್ತೈತಿ, ಆಯೀ. ಸೋಮವಾರ ಹೋತಲ್ಲ?"

"ಗುರುವಾರದತನಕಾ ತುರಾಯಿ ಎಲ್ಲಿ ಓಡಿ ಹೋಗತೈತ್ರಿ? ಬಂಡಿ ಎಷ್ಟೊತ್ತಿಗಿ ಬರ್ತಾವ, ಅದನ್ನ ಹೇಳ್ರಿ. ಬದುವಿನ ಜಾಲಿ ಕಡಿಸಿ ಹಾದಿ ಮಾಡಿ ಇಡಬೇಕು."

"ನಸುಕಿನ್ಯಾಗ, ಆರಕ್ಕ."

"ಹಂಗಾರ ನಾಳೇನ ಆಳ ಹಚ್ಚತೀನಿ," ಎಂದು ಗೌರಾಬಾಯಿ ಸೆರಗು ಬಿಗಿದುಕೊಂಡು ಎದ್ದಳು. ಐದರ ಅಂಕಲಿ ಬಸ್ಸು ಹಿಡಿಯಬೇಕಿತ್ತು. ಓಣಿಯಲ್ಲಿ ಆರೇಳು ಮನೆಗೆ ಸುದ್ದಿ ಮುಟ್ಟಿಸುವುದಿತ್ತು.